ಜೇಜು ಕಡಲತಡಿಯಲ್ಲಿ ಎಂಟು ದಿನ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಕಡಲೆಂಬುದು ಬಹುಕಾಲ ಬರಿಯ ಕಾವ್ಯದ ಮಾತಾಗಿತ್ತು. ಭವಸಾಗರ, ಕರುಣಾಸಾಗರ ಎಂಬ ಪದಗಳನ್ನು ಮಠದ ಪಾಠಶಾಲೆಯಲ್ಲಿ ಕಂಠಸ್ಥ ಮಾಡಿದ ಎಷ್ಟೋ ವರ್ಷಗಳ ತರುವಾಯ ಗೋಕರ್ಣದಲ್ಲಿ ನಿಜವಾದ ಸಾಗರವನ್ನು ಕಂಡೆವು. ಕಂಡು, ಕಾಲು ತೋಯಿಸಿಕೊಂಡು ಹಿಂದಿರುಗಿದೆವು. ಅಂತಹ ನಾವು ಅರವತ್ತಾರರ ವಯಸ್ಸಿನಲ್ಲಿ ದಕ್ಷಿಣ ಕೊರಿಯಾದ ಜೇಜು ದ್ವೀಪದ ಕಪ್ಪು ಬಂಡೆಯೊಂದರ ಮೇಲೆ ಶಾಲು ಹೊದ್ದು ಕುಳಿತು, ಕಾಲಿಗೆ ತೊಡುವ ಈಜುರೆಕ್ಕೆಗಳ ಗುಣದೋಷ ವಿಚಾರವನ್ನು ಎಂಟು ದಿನ ಆಲಿಸಿದೆವೆಂದರೆ ಓದುಗರಿಗೆ ನಗೆ ಬಂದೀತು. ನಗಲಿ. ಆದರೆ ಅಲ್ಲಿ ತಿಳಿದ ಸಂಗತಿಯೊಂದು ನಮ್ಮ ಮನೆಮನೆಯ ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ್ದು, ಆದ್ದರಿಂದ ಬರೆಯುತ್ತಿದ್ದೇವೆ.

ನಮ್ಮ ಸೋದರಿಯ ಮಗ ಕೊರಿಯಾದ ಸುವಾನ್ ನಗರದಲ್ಲಿ ಇಂಜಿನಿಯರ್. 2024ರ ಬಸವ ಜಯಂತಿಯನ್ನು ತನ್ನ ಮನೆಯಲ್ಲಿಯೇ ನಮ್ಮ ಸಮಕ್ಷಮದಲ್ಲಿ ಆಚರಿಸಬೇಕೆಂಬುದು ಅವನ ಬಹುದಿನದ ಹಂಬಲ. ಪೂಜೆ, ಪ್ರಸಾದಗಳೆಲ್ಲ ಸಾಂಗವಾಗಿ ನೆರವೇರಿದ ಮೇಲೆ, "ಮಾವ, ಮಗಳು ಜೇಜುವಿಗೆ ಹೊರಟಿದ್ದಾಳೆ, ನಾವೂ ಹೋಗಿಬರೋಣ" ಎಂದ. ಹದಿನೆಂಟು ವರ್ಷದ ಆ ಮಗು ಫ್ರೀಡೈವಿಂಗ್ ಎಂಬ ವಿದ್ಯೆಯನ್ನು ಹಿಡಿದಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಳ್ಳದೆ, ಒಂದೇ ಉಸಿರಿನಲ್ಲಿ ಮುಳುಗಿ, ಅದೇ ಉಸಿರಿನಲ್ಲಿ ಮೇಲೇಳುವ ವಿದ್ಯೆ ಇದು. ಸುವಾನ್‌ಗೆ ಸಮೀಪದ ಯೋಂಗಿನ್‌ನಲ್ಲಿ 36 ಮೀಟರ್ ಆಳದ ಕೃತಕ ಕೊಳವೊಂದಿದೆ. ಅದರಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿದ ಹುಡುಗಿ ಈಗ ನಿಜವಾದ ಕಡಲಲ್ಲಿ ಪಾಠ ಹೇಳಿಸಿಕೊಳ್ಳಲು ಹೊರಟಿದ್ದಳು. ಒಂದು ವರ್ಷ ಉಳಿಸಿದ ಹಣದಲ್ಲಿ ಅವಳು ಕಾರ್ಬನ್ ಫೈಬರಿನ ಒಂದು ಜೊತೆ ಫಿನ್ ಕೊಂಡಿದ್ದಳು. ಕಾಲಿಗೆ ಧರಿಸುವ ಉದ್ದನೆಯ ಈಜುರೆಕ್ಕೆಗೆ ಫಿನ್ ಎನ್ನುತ್ತಾರೆ. ಬೆಲೆ ಕೇಳಿ, ಮನಸ್ಸಿನಲ್ಲಿಯೇ ರೂಪಾಯಿಗೆ ಪರಿವರ್ತಿಸಿ, ನಾವು ಮಾತು ಬದಲಿಸಿದೆವು.

ಸೋಲ್ ನಗರದ ಗಿಂಪೋ ವಿಮಾನ ನಿಲ್ದಾಣದಿಂದ ಜೇಜುವಿಗೆ ಸುಮಾರು ಒಂದು ಗಂಟೆಯ ಹಾರಾಟ. ಲೋಕದ ಅತಿ ಜನನಿಬಿಡ ವಿಮಾನಮಾರ್ಗಗಳಲ್ಲಿ ಇದೂ ಒಂದೆಂದು ಅಳಿಯ ಹೇಳಿದ. ದ್ವೀಪದ ನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಎಂಬ ಅಗ್ನಿಪರ್ವತ, ಈಗದು ಶಾಂತ. ಅದು ಹಿಂದೆ ಕಾರಿದ ಶಿಲಾರಸವೇ ತಣಿದು ನೆಲವಾಗಿದೆ, ಬೇಲಿಯಾಗಿದೆ, ಕಡಲತಡಿಯಾಗಿದೆ. ಹೊಲದ ಬದುವಿಗೂ ಅದೇ ಕಪ್ಪು ಕಲ್ಲು, ಗೋರಿಯ ಸುತ್ತಲ ಗೋಡೆಗೂ ಅದೇ ಕಪ್ಪು ಕಲ್ಲು. ಗಾಳಿ, ಕಲ್ಲು, ಹೆಂಗಸರು ಈ ಮೂರೂ ಇಲ್ಲಿ ಹೇರಳವೆಂದು ಕೊರಿಯನ್ನರಲ್ಲಿ ಹಳೆಯ ಮಾತಿದೆ. ಗಾಳಿ ಎಷ್ಟೆಂಬುದು ಮೊದಲ ದಿನವೇ ನಮ್ಮ ರುಮಾಲಿಗೆ ಗೊತ್ತಾಯಿತು. ಕಲ್ಲು ಕಣ್ಣೆದುರಿಗೇ ಇತ್ತು. ಹೆಂಗಸರ ವಿಷಯವನ್ನು ತುಸು ವಿಸ್ತರಿಸಬೇಕು.

ಹೇನ್ಯೊ ಎಂದರೆ ಕಡಲ ಹೆಣ್ಣು. ಈ ದ್ವೀಪದ ಸ್ತ್ರೀಯರು ತಲೆತಲಾಂತರದಿಂದ ಉಸಿರು ಹಿಡಿದು ಕಡಲ ತಳಕ್ಕೆ ಮುಳುಗಿ ಚಿಪ್ಪುಜೀವಿಗಳನ್ನೂ ಕಡಲ ಸಸ್ಯಗಳನ್ನೂ ಕಿತ್ತು ತಂದು ಸಂಸಾರ ಸಾಗಿಸಿದವರು. ಸುಮಾರು 10 ಮೀಟರ್ ಆಳಕ್ಕೆ ಇಳಿಯುತ್ತಾರೆ. ಒಂದೊಂದು ಮುಳುಗಿಗೆ ಸುಮಾರು ಒಂದು ನಿಮಿಷ. ದಿನಕ್ಕೆ ಆರೇಳು ಗಂಟೆಗಳವರೆಗೂ ಕೆಲಸ ಮಾಡುವುದುಂಟು. 2016ರಲ್ಲಿ ಯುನೆಸ್ಕೋ ಸಂಸ್ಥೆಯು ಇವರ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 1970ರ ಸುಮಾರಿಗೆ ಹದಿನಾಲ್ಕು ಸಾವಿರದಷ್ಟಿದ್ದವರು ಈಗ ಮೂರು ಸಾವಿರಕ್ಕೂ ಕಡಿಮೆ. ಉಳಿದವರಲ್ಲಿ ಬಹುಪಾಲು ಅರವತ್ತು ದಾಟಿದವರು. ಹಾದೊ ಎಂಬ ಗ್ರಾಮದಲ್ಲಿ ಇವರದೇ ಒಂದು ವಸ್ತುಸಂಗ್ರಹಾಲಯವಿದೆ. 1932ರಲ್ಲಿ ಜಪಾನೀ ಆಳ್ವಿಕೆಯ ಶೋಷಣೆಯನ್ನು ಪ್ರತಿಭಟಿಸಿ ಇದೇ ಹೆಂಗಸರು ಬೀದಿಗಿಳಿದಿದ್ದರ ಸ್ಮಾರಕವೂ ಅಲ್ಲಿಯೇ ಇದೆ.

ಆ ಸಂಗ್ರಹಾಲಯದಲ್ಲಿ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ ವಸ್ತುವೆಂದರೆ ಒಂದು ಒಣಗಿದ ಸೋರೆಬುರುಡೆ. ಅದಕ್ಕೆ ತೇವಾಕ್ ಎಂದು ಹೆಸರು. ಮೇಲೆದ್ದಾಗ ಅಪ್ಪಿಕೊಂಡು ದಣಿವಾರಿಸಿಕೊಳ್ಳುವ ತೇಲುಗವೂ ಅದೇ, ತಂದದ್ದನ್ನು ತುಂಬುವ ಬಲೆಯನ್ನು ಕಟ್ಟುವ ಗೂಟವೂ ಅದೇ. ಈಗ ಥರ್ಮೋಕೋಲಿಗೆ ಕಿತ್ತಳೆ ಬಣ್ಣದ ಬಟ್ಟೆ ಹೊದಿಸಿ ಮಾಡುತ್ತಾರೆ. ನಮ್ಮ ಕಡೆಯ ಬಾವಿಗಳಲ್ಲಿ ನಾವೆಲ್ಲ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡೇ ಈಜು ಕಲಿತವರಲ್ಲವೇ? ಮಠದ ಹಿಂದಿನ ಮೆಟ್ಟಿಲುಬಾವಿ ಒಮ್ಮೆಲೇ ಕಣ್ಣ ಮುಂದೆ ಬಂತು. ಅದರ ವಿಷಯ ಮುಂದೆ ಬರಲಿದೆ.

ನಾವು ಇಳಿದುಕೊಂಡದ್ದು ದ್ವೀಪದ ಪೂರ್ವ ಭಾಗದ ಮೀನುಗಾರರ ಹಳ್ಳಿಯೊಂದರಲ್ಲಿ. ಮರುದಿನ ಬೆಳಿಗ್ಗೆ ಲಿಂಗಪೂಜೆ ತೀರಿಸಿಕೊಂಡು ತಡಿಗೆ ಹೋಗುವಷ್ಟರಲ್ಲಿ ಹುಡುಗಿಯ ಪಾಠ ಆರಂಭವಾಗಿತ್ತು. ಶಿಕ್ಷಕರು ನಲವತ್ತರ ಆಸುಪಾಸಿನ ಮಿತಭಾಷಿ. ಅವರು ಅವಳ ಕಾರ್ಬನ್ ಫಿನ್ನುಗಳನ್ನು ಕೈಯಲ್ಲಿ ಹಿಡಿದು, ಬಾಗಿಸಿ ನೋಡಿ, ಚೀಲಕ್ಕೆ ಹಿಂದಿರುಗಿಸಿ, "ಇವು ಒಳ್ಳೆಯವು. ಇಲ್ಲಿಗಲ್ಲ" ಎಂದರಂತೆ. ಹುಡುಗಿಯ ಮುಖ ಬಾಡಿತು.

ಅಷ್ಟರಲ್ಲಿ ಹೇನ್ಯೊ ಮುದುಕಿಯೊಬ್ಬಳು ಕೆಲಸ ಮುಗಿಸಿ ಬಂಡೆ ಏರಿ ಬಂದಳು. ವಯಸ್ಸು ಎಪ್ಪತ್ತೆಂಟು. ಜೇಜುವಿನಲ್ಲಿ ಹಿರಿಯರನ್ನು, ಗಂಡಾಗಲಿ ಹೆಣ್ಣಾಗಲಿ, ಸಮ್‌ಚುನ್ ಎಂದು ಕರೆಯುವುದು ಪದ್ಧತಿ. ಹುಡುಗಿಯೂ ಹಾಗೆಯೇ ಕರೆದು ತಲೆಬಾಗಿದಳು. ಮುದುಕಿ ಆ ಕಾರ್ಬನ್ ಹಲಗೆಯನ್ನು ಉಗುರಿನಿಂದ ಟಣಟಣ ಬಡಿದು ನೋಡಿ ನಕ್ಕು, ತನ್ನ ಕಾಲಿನ ಫಿನ್ನನ್ನು ತೆಗೆದು ಅವಳ ಕೈಗಿತ್ತಳು. ಗಿಡ್ಡನೆಯ ಕಪ್ಪು ರಬ್ಬರು. ಅಂಚೆಲ್ಲ ಸವೆದಿದೆ, ಹಿಮ್ಮಡಿಯ ಬಳಿ ತೇಪೆ ಹಾಕಿದೆ. ಅದನ್ನು ಅವರು ಓರಿಬಲ್ ಎನ್ನುತ್ತಾರೆ, ಅಂದರೆ ಬಾತುಕೋಳಿಯ ಪಾದ. 1970ರ ದಶಕದಲ್ಲಿ ರಬ್ಬರಿನ ಉಡುಪು ಬರುವವರೆಗೆ ಈ ಹೆಂಗಸರು ಹತ್ತಿಬಟ್ಟೆಯ ತೆಳು ಉಡುಪಿನಲ್ಲಿ, ಬರಿಗಾಲಿನಲ್ಲಿ ಇಳಿಯುತ್ತಿದ್ದರು. ಚಳಿ ತಾಳಲಾರದೆ ಬೇಗ ಮೇಲೆ ಬಂದು, ಕಲ್ಲುಗೋಡೆಯ ಮರೆಯ ಒಲೆಯ ಸುತ್ತ ಕುಳಿತು ಮೈ ಕಾಯಿಸಿಕೊಳ್ಳುತ್ತಿದ್ದರು. ಗಾಳಿಯ ಸಿಲಿಂಡರನ್ನು ಮಾತ್ರ ಇಂದಿಗೂ ಒಲ್ಲರು. ಅದು ಬಂದರೆ ಕಡಲು ಬರಿದಾದೀತೆಂಬ ತಿಳಿವು ಅವರದು.

ಶಿಕ್ಷಕರು ಅಂದು ಹೇಳಿದ್ದನ್ನು ಅಳಿಯನ ಅನುವಾದದ ಮೂಲಕ ನಾವು ಗ್ರಹಿಸಿದ ಮಟ್ಟಿಗೆ ನಿರೂಪಿಸುತ್ತೇವೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಊರಿಗೆ ಬಂದವರು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಂಡೆಗಳ ಬಳಿ ಮುಳುಗಿ ಬರುವುದೂ ಉಂಟು. ಅವರಿಗೆ ಇದು ಉಪಯೋಗಕ್ಕೆ ಬಂದೀತು.

ಉದ್ದನೆಯ ಫಿನ್ನಿನ ಗುಣವೆಂದರೆ, ಕಾಲನ್ನು ನಿಧಾನವಾಗಿ ಒಮ್ಮೆ ಆಡಿಸಿದರೆ ದೇಹ ಬಹುದೂರ ಸಾಗುತ್ತದೆ. ದಣಿವು ಕಡಿಮೆಯಾದಷ್ಟೂ ಉಸಿರಿನ ವೆಚ್ಚ ಕಡಿಮೆ. ದೋಣಿಯಿಂದ ಇಳಿದು, ತೆರೆದ ನೀರಿನಲ್ಲಿ ಹಗ್ಗದ ಗುಂಟ ನೇರವಾಗಿ ಕೆಳಗೆ ಹೋಗಿ ಬರುವವರಿಗೆ ಅದಕ್ಕಿಂತ ಮಿಗಿಲಾದುದಿಲ್ಲ. ಕಾರ್ಬನ್ನಿನದು ಹಗುರ, ಬಿಲ್ಲಿನಂತೆ ಬಾಗಿ ಬಿಲ್ಲಿನಂತೆಯೇ ಚಿಮ್ಮುತ್ತದೆ. ಆದರೆ ಅದರ ಅಂಚು ಒಮ್ಮೆ ಕಲ್ಲಿಗೆ ತಾಕಿತೋ, ಕೂದಲೆಳೆಯ ಬಿರುಕು ಬಿಟ್ಟೀತು. ಬಿರುಕು ದಿನದಿನಕ್ಕೆ ಬೆಳೆದು, ಬೇಡದ ಗಳಿಗೆಯಲ್ಲಿ ಮುರಿದೀತು. ಫೈಬರ್‌ಗ್ಲಾಸಿನದು ಅದಕ್ಕಿಂತ ತುಸು ಸೈರಣೆಯುಳ್ಳದ್ದು. ಪ್ಲಾಸ್ಟಿಕ್ಕಿನದು ಭಾರ, ಚಿಮ್ಮುವ ಗುಣ ಕಡಿಮೆ, ಅಗ್ಗವೆಂದು ಬಲ್ಲಿದರು ಮೂಗು ಮುರಿಯುತ್ತಾರೆ. ಆದರೆ ಕಲ್ಲಿಗೆ ತಾಕಿದರೆ ಗೀರು ಬೀಳುತ್ತದೆಯೇ ಹೊರತು ಸುಲಭವಾಗಿ ಮುರಿಯದು. ಬಂಡೆಗಳ ನಡುವೆ, ಮೂರಾಳು ನಾಲ್ಕಾಳು ನೀರಿನಲ್ಲಿ, ಉದ್ದವೇ ಒಂದು ತೊಡಕು: ತಿರುಗಲು ಜಾಗ ಸಾಲದು, ಕಡಲ ಸಸ್ಯಗಳ ನಾರು ಸುತ್ತಿಕೊಳ್ಳುತ್ತದೆ, ಬಿರುಕುಗಳಲ್ಲಿ ತುದಿ ಸಿಕ್ಕಿಕೊಳ್ಳುತ್ತದೆ. ಮುದುಕಿಯ ಗಿಡ್ಡ ಬಾತುಪಾದದ ಮರ್ಮ ಇದು. ಅವಳಿಗೆ ದೂರ ಹೋಗಬೇಕಿಲ್ಲ. ಒಂದೇ ಬಂಡೆಯ ಸುತ್ತ ಸುಳಿದು, ತಲೆಕೆಳಗಾಗಿ ನಿಂತು, ತಟ್ಟನೆ ಹೊರಳಿ ಮೇಲೆ ಬರಬೇಕು.

ಹಲಗೆಯ ಗಡುಸೂ ಮುಖ್ಯ. ಗಡುಸಾದದ್ದೇ ಬಲಶಾಲಿಯೆಂದು ತರುಣರು ತಿಳಿಯುತ್ತಾರೆ. ತೊಡೆಯ ಬಲಕ್ಕೆ ಮೀರಿದ ಗಡುಸು ಮೀನಖಂಡವನ್ನು ಸೆಡೆಸಿ, ಉಸಿರನ್ನು ಸುಟ್ಟುಹಾಕುತ್ತದೆ. ಕಲಿಯುವವರಿಗೆ ಮೆದುವಾದದ್ದೇ ಹಿತ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಲಗೆಯನ್ನಲ್ಲ, ಪಾದ ಸೇರಿಸುವ ರಬ್ಬರಿನ ಗೂಡನ್ನು ಎಂದು ಅವರು ಮತ್ತೆ ಮತ್ತೆ ಒತ್ತಿ ಹೇಳಿದರು. ನೀರಿನಲ್ಲಿ ಧರಿಸುವ ದಪ್ಪ ಕಾಲುಚೀಲವನ್ನು ಹಾಕಿಕೊಂಡೇ ತೊಟ್ಟು ನೋಡಬೇಕು. ಬೆರಳುಗಳು ಮಡಿಚಬಾರದು, ಹಿಮ್ಮಡಿ ಏಳಬಾರದು. ನಮ್ಮ ಹುಡುಗಿ ಬಣ್ಣ ನೋಡಿ ಕೊಂಡವಳು. ಗೂಡು ಅರ್ಧ ಅಳತೆ ದೊಡ್ಡದಾಗಿ, ಎರಡು ಚೀಲ ತೊಟ್ಟು ಸರಿಪಡಿಸಿಕೊಂಡಿದ್ದಳು. ಕೊಳದ ಹಗ್ಗದ ಬಳಿ ಅದು ನಡೆದುಹೋಗಿತ್ತು. ಅಲೆಯಲ್ಲಿ ಅದೇ ಫಿನ್ ಕಾಲಿನಿಂದ ಜಾರಿದರೆ? ಶಿಕ್ಷಕರು ಉತ್ತರ ಹೇಳಲಿಲ್ಲ, ಬಂಡೆಯ ಕಡೆ ನೋಡಿದರು. ಕೊನೆಗೆ ಮಧ್ಯಮ ಉದ್ದದ, ಮೆದುವಾದ ಪ್ಲಾಸ್ಟಿಕ್ ಫಿನ್ನೊಂದನ್ನು ಬಾಡಿಗೆಗೆ ತರಿಸಿದರು. ಹೊಸ ಫಿನ್ನುಗಳು ಎಂಟು ದಿನವೂ ಕೋಣೆಯ ಮೂಲೆಯಲ್ಲಿ ನಿಂತಿದ್ದವು. ದಿನಾ ಸಂಜೆ ಅವಳು ಅವನ್ನು ಒಮ್ಮೆ ಒರೆಸಿಡುತ್ತಿದ್ದಳು.

ಮೊದಲ ಎರಡು ದಿನ ಮುಳುಗುವ ಪಾಠವೇ ನಡೆಯಲಿಲ್ಲ. ಗಡಿಯಾರ ಹಿಡಿದು ಇಪ್ಪತ್ತು ನಿಮಿಷ ಕಡಲನ್ನು ನೋಡು ಎಂದು ಕೂರಿಸಿದರು. ಅಲೆಗಳು ಒಂದೇ ಸಮನಲ್ಲ. ಸಣ್ಣವು ಹಲವು ಬಂದ ಮೇಲೆ ದೊಡ್ಡವು ಮೂರೋ ನಾಲ್ಕೋ ಸಾಲಾಗಿ ಬರುತ್ತವೆ. ಐದು ನಿಮಿಷ ನೋಡಿ ಇಳಿದವನು ದೊಡ್ಡವನ್ನು ಕಂಡೇ ಇರುವುದಿಲ್ಲ. ಎಲ್ಲಿ ನೀರು ಏರುತ್ತದೆ, ಎಲ್ಲಿ ಹೀರಿಕೊಂಡು ಹಿಂದೆ ಹೋಗುತ್ತದೆ ಎಂಬುದನ್ನು ಗುರುತಿಸಬೇಕು. ಇಳಿಯುವ ಜಾಗಕ್ಕಿಂತ ಮೊದಲು ಏರುವ ಜಾಗವನ್ನು ಆರಿಸಬೇಕು, ಅದು ಕೆಟ್ಟರೆ ಎರಡನೆಯದೊಂದು ಇರಬೇಕು. ಎರಡೂ ಕಾಣದಿದ್ದರೆ ಅಂದು ಕಡಲಿಗೆ ನಮಸ್ಕರಿಸಿ ಮನೆಗೆ ಹೋಗಬೇಕು. ಮೂರನೆಯ ದಿನ ಗಾಳಿ ಎದ್ದಾಗ ಅವರು ಮಾಡಿದ್ದೂ ಅದನ್ನೇ. ಪಾಠದ ಹಣ ತೆಗೆದುಕೊಂಡೂ ಪಾಠ ಮಾಡದೆ ಹೋಗುವ ಶಿಕ್ಷಕರನ್ನು ನಾವು ಕಂಡಿದ್ದೇವೆ. ಆದರೆ ಆ ದಿನದ ಪಾಠ ಅದೇ ಆಗಿತ್ತೆಂದು ಆಮೇಲೆ ತಿಳಿಯಿತು.

ಫಿನ್ ತೊಟ್ಟು ಬಂಡೆಯ ಮೇಲೆ ನಡೆಯಕೂಡದು. ದಪ್ಪ ಅಡಿಯ ಬೂಟಿನಲ್ಲಿಯೋ ಕಾಲುಚೀಲದಲ್ಲಿಯೋ ಇಳಿದು, ಸೊಂಟದವರೆಗೆ ನೀರು ಬಂದ ಮೇಲೆ ಒಂದೊಂದಾಗಿ ತೊಡಬೇಕು; ತೊಟ್ಟ ಮೇಲೆ ನಾಲ್ಕು ಹೆಜ್ಜೆ ಇಡಲೇಬೇಕಾದರೆ ಹಿಂದುಹಿಂದಕ್ಕೆ ಇಡಬೇಕು, ಕಣ್ಣು ಮಾತ್ರ ಅಲೆಯ ಮೇಲಿರಬೇಕು. ನೀರೊಳಗೆ ಸೆಳೆತ ಮುಂದೂಡಿದಾಗ ಕಾಲಾಡಿಸಬೇಕು, ಹಿಂದೆಳೆದಾಗ ಸುಮ್ಮನಿರಬೇಕು. ಎದುರಾಗಿ ಹೋರಾಡಿದವನು ಇದ್ದಲ್ಲಿಯೇ ಇದ್ದು ಉಸಿರು ಕಳೆದುಕೊಳ್ಳುತ್ತಾನೆ. ಬಂಡೆಯ ಚಾಚಿನ ಕೆಳಗೆ ತೂರಬಾರದು, ಕಾಣದ ಬಿಲಕ್ಕೆ ಕೈಯಿಕ್ಕಬಾರದು. ಸೊಂಟದ ಸೀಸದ ತೂಕದ ಪಟ್ಟಿ ಒಂದೇ ಕೈಯಲ್ಲಿ ಎಳೆದರೆ ಕಳಚುವಂತಿರಬೇಕು. ಉಸಿರು ಬಿಟ್ಟ ಮೇಲೂ ಮೇಲ್ಮೈಯಲ್ಲಿ ತೇಲುವಷ್ಟೇ ತೂಕವಿರಬೇಕು. ಇನ್ನು ಎಲ್ಲಕ್ಕೂ ಮೇಲಿನ ನಿಯಮ: ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲಿದ್ದು ಕಣ್ಣಿಟ್ಟು ನೋಡುತ್ತಿರಬೇಕು. ಒಂಟಿಯಾಗಿ ಎಂದಿಗೂ ಮುಳುಗಬಾರದು.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇವೆ.

ಗಾಳಿಯಿಂದಾಗಿ ಪಾಠ ನಿಂತ ಆ ಮೂರನೆಯ ದಿನದ ಸಂಜೆ, ಹುಡುಗಿ ನಮ್ಮ ಬಳಿ ಕುಳಿತು, ತಾನು ಎರಡು ನಿಮಿಷಕ್ಕಿಂತ ಹೆಚ್ಚು ಉಸಿರು ಹಿಡಿಯಲಾರೆನೆಂದು ಕೊರಗಿದಳು. ನಾವು ಮಠದಲ್ಲಿ ಹನ್ನೆರಡನೆಯ ವಯಸ್ಸಿನಿಂದ ಪ್ರಾಣಾಯಾಮ ಮಾಡಿದವರು. ಪೂರಕ, ಕುಂಭಕ, ರೇಚಕಗಳ ಬಗೆಗೆ ಪುಸ್ತಿಕೆಯನ್ನೂ ಬರೆದವರು. ವಿದ್ವಾಂಸನಿಗೆ ಕೇಳುವ ಮಕ್ಕಳು ಸಿಕ್ಕರೆ ಸಾಕು! ಇಳಿಯುವ ಮುನ್ನ ಭಸ್ತ್ರಿಕೆಯಂತೆ ಜೋರಾಗಿ, ಬೇಗಬೇಗನೆ ಮೂವತ್ತು ನಲವತ್ತು ಸಲ ಉಸಿರಾಡು, ಆಮೇಲೆ ತುಂಬಿಕೊಂಡು ಕುಂಭಕ ಮಾಡು, ಮೂರು ನಿಮಿಷ ನಿಲ್ಲುತ್ತೀ ಎಂದು ಹೇಳಿಕೊಟ್ಟೆವು. ಕೋಣೆಯಲ್ಲಿ ಕುಳಿತು ಮಾಡಿ ನೋಡಿದಳು. ಮೂರು ನಿಮಿಷ ಮೀರಿ ನಿಂತಿತು. ಮಗು ಹಿಗ್ಗಿತು, ನಾವೂ ಹಿಗ್ಗಿದೆವು.

ನಾಲ್ಕನೆಯ ದಿನ, ಅಲೆತಡೆಗೋಡೆಯ ಒಳಗಿನ ಶಾಂತ ನೀರಿನಲ್ಲಿ, ತೇಲುಗವನ್ನು ಹಿಡಿದು ಅವಳು ಹಾಗೆಯೇ ಉಸಿರಾಡತೊಡಗಿದಾಗ ಶಿಕ್ಷಕರು ಕೂಡಲೇ ಅವಳ ತೋಳು ಹಿಡಿದು ದಡಕ್ಕೆ ಕರೆತಂದು ಕೂರಿಸಿದರು. ಯಾರು ಕಲಿಸಿದರೆಂದು ಕೇಳಿದರು. ಅವಳು ನಮ್ಮ ಕಡೆ ನೋಡಿದಳು. "ಅಜ್ಜಾ, ಹಂಗ ಮಾಡಬಾರದಂತ" ಎಂದಳು, ಬಹಳ ಮೆಲ್ಲಗೆ.

ಅವರು ನಮ್ಮ ಬಳಿ ಬಂದು, ಹಿರಿಯರೆಂಬ ಮರ್ಯಾದೆ ಬಿಡದೆ ಬಗ್ಗಿ ನಮಸ್ಕರಿಸಿ, ಕಲ್ಲಿನ ಮೇಲೆ ಸುಣ್ಣದ ಚೂರಿನಿಂದ ಗೆರೆ ಎಳೆದು ವಿವರಿಸಿದರು. ಉಸಿರು ಹಿಡಿದಾಗ "ಬಿಡು, ಬಿಡು" ಎಂದು ಎದೆ ಒದ್ದಾಡುವುದು ಪ್ರಾಣವಾಯು ತೀರಿದ್ದರಿಂದಲ್ಲ. ರಕ್ತದಲ್ಲಿ ಅಂಗಾರಾಮ್ಲ ಹೆಚ್ಚಿದ್ದರಿಂದ. ಜೋರಾಗಿ ಬಹಳ ಸಲ ಉಸಿರಾಡಿದಾಗ ಪ್ರಾಣವಾಯು ಹೆಚ್ಚೇನೂ ಸೇರುವುದಿಲ್ಲ. ರಕ್ತ ಮೊದಲೇ ಅದರಿಂದ ತುಂಬಿರುತ್ತದೆ. ಅಂಗಾರಾಮ್ಲ ಮಾತ್ರ ಹೊರಟುಹೋಗುತ್ತದೆ. ಅಂದರೆ ಕಣಜದ ಕಾಳು ಅಷ್ಟೇ ಇದೆ, ಕಾವಲುಗಾರನನ್ನು ಮಲಗಿಸಿದ್ದೇವೆ. ಕಾಳು ತೀರಿದರೂ ಅವನು ಕೂಗುವುದಿಲ್ಲ. ಇದರ ಮೇಲೆ ನೀರಿನ ಒತ್ತಡದ ಮೋಸ ಬೇರೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಆ ಒತ್ತಡದಲ್ಲಿ ಇರುವಷ್ಟು ಪ್ರಾಣವಾಯುವೇ ಸಾಕೆನಿಸುತ್ತದೆ. ಮೇಲೇಳುತ್ತ ಒತ್ತಡ ಇಳಿದಂತೆ ಅದೇ ಪ್ರಾಣವಾಯು ಸಾಲದಾಗಿ, ಬೆಳಕು ಕಾಣುವಷ್ಟು ಹತ್ತಿರ ಬಂದು, ಕೆಲವೊಮ್ಮೆ ತಲೆ ನೀರಿನಿಂದ ಹೊರಬಂದ ಮೇಲೂ, ಸದ್ದಿಲ್ಲದೆ ಎಚ್ಚರ ತಪ್ಪುತ್ತದೆ. ಕೈ ಬೀಸುವುದಿಲ್ಲ, ಕೂಗುವುದಿಲ್ಲ. ಆದ್ದರಿಂದಲೇ ಮೇಲೆ ಬಂದವನನ್ನು ಇನ್ನೂ ಅರ್ಧ ನಿಮಿಷ ನೋಡುತ್ತಿರಬೇಕು. ಮುಳುಗಿದ್ದ ಹೊತ್ತಿನ ಎರಡರಷ್ಟಾದರೂ ಮೇಲೆ ವಿಶ್ರಮಿಸಬೇಕು. ಕೋಣೆಯಲ್ಲಿ ಕುಳಿತವನು ಮೂರ್ಛೆಹೋದರೆ ಗೋಡೆಗೆ ಒರಗುತ್ತಾನೆ, ಉಸಿರು ತಾನೇ ಮರಳುತ್ತದೆ. ನೀರಿನಲ್ಲಿ ಮರಳುವುದು ಉಸಿರಲ್ಲ, ನೀರು.

ನಮಗೆ ಮಾತು ಹೊರಡಲಿಲ್ಲ. ಯೋಗಶಾಸ್ತ್ರದ ತಪ್ಪಲ್ಲ ಅದು. ಆಸನದ ಮೇಲೆ ಕುಳಿತು ಮಾಡಬೇಕಾದದ್ದನ್ನು ಕಡಲಿಗೆ ಕೊಂಡೊಯ್ದದ್ದು ನಮ್ಮ ಪಾಂಡಿತ್ಯ. ಆದರೆ ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಅಲ್ಲಾಡಿಸಿದ್ದು ಬೇರೊಂದು.

ಐವತ್ತೆರಡು ವರ್ಷಗಳ ಹಿಂದೆ ಮಠದ ಮೆಟ್ಟಿಲುಬಾವಿಯಲ್ಲಿ ನಮ್ಮದೊಂದು ಆಟವಿತ್ತು. ಮೇಲಿನಿಂದ ಹತ್ತು ಪೈಸೆಯ ನಾಣ್ಯ ಎಸೆದು, ತಳ ಮುಟ್ಟಿ ತರುವುದು. ನಮ್ಮ ಸಹಪಾಠಿಯೊಬ್ಬ ಅದರಲ್ಲಿ ಎಲ್ಲರನ್ನೂ ಮೀರಿದವನು. ಮುಳುಗುವ ಮುನ್ನ ಮೆಟ್ಟಿಲಮೇಲೆ ನಿಂತು, ಕಮ್ಮಾರನ ತಿದಿಯಂತೆ ಉಸಿರಾಡುತ್ತಿದ್ದ, ನಾವೆಲ್ಲ ಎಣಿಸುತ್ತಿದ್ದೆವು. ಒಂದು ಮಧ್ಯಾಹ್ನ ಎಣಿಕೆ ನೂರೈವತ್ತು ದಾಟಿತು. ನಾವು ಚಪ್ಪಾಳೆ ತಟ್ಟಿದೆವು. ಇನ್ನೂರು ದಾಟಿದ ಮೇಲೆ ಚಪ್ಪಾಳೆ ನಿಂತಿತು. ಅವನನ್ನು ತೆಗೆದವರು ಕಾಲು ಕೆಸರಿನಲ್ಲಿ ಹುಗಿದಿತ್ತೆಂದರು. ಊರಿನಲ್ಲಿ ಬಾವಿಯ ದೆವ್ವ ಎಳೆಯಿತೆಂದರು. ಈಜು ಬಲ್ಲವನು, ಎಲ್ಲರಿಗಿಂತ ಹೆಚ್ಚು ಉಸಿರುಳ್ಳವನು ಹೇಗೆ ಮುಳುಗಿದನೆಂಬುದು ನಮಗೆ ಅಂದಿನಿಂದ ಒಗಟಾಗಿಯೇ ಉಳಿದಿತ್ತು. ಜೇಜುವಿನ ಕಲ್ಲಿನ ಮೇಲಿನ ಆ ಸುಣ್ಣದ ಗೆರೆಯಲ್ಲಿ ಅದರ ಉತ್ತರ ಇತ್ತೇನೋ. ಖಚಿತವಾಗಿ ಹೇಳಲು ಈಗ ಯಾರಿಗೂ ಸಾಧ್ಯವಿಲ್ಲ. ಅದೇ ಅಭ್ಯಾಸವನ್ನು ನಾವು ಮನೆಯ ಮಗುವಿಗೆ ಹಿಂದಿನ ರಾತ್ರಿ ಕಲಿಸಿದ್ದೆವು ಎಂಬುದಷ್ಟೇ ಖಚಿತ.

ಅಂದು ಸಂಜೆ ಮುದುಕಿಯ ಮನೆಯಂಗಳದಲ್ಲಿ ಕುಳಿತಿದ್ದೆವು. ಮುಲ್ಸುಮ್ ಎಂಬ ಮಾತು ಅವಳ ಬಾಯಿಂದ ಬಂತು. ಅಂದರೆ ನೀರಿನ ಉಸಿರು. ಕಡಲೊಳಗೆ ಸೇದಿದ ಕೊನೆಯ ಉಸಿರು. ಅದಕ್ಕೆ ಕಾರಣ ಆಸೆ ಎನ್ನುತ್ತಾರೆ ಅವರು. ಉಸಿರು ತೀರುವ ಹೊತ್ತಿಗೆ ಬಂಡೆಯ ಸಂದಿನಲ್ಲಿ ದೊಡ್ಡದೊಂದು ಅಬಲೋನಿ ಚಿಪ್ಪು ಕಾಣುತ್ತದೆ. ಇದೊಂದನ್ನು ಕಿತ್ತೇ ಹೋಗೋಣವೆನಿಸುತ್ತದೆ. ಅದು ಬಂಡೆಯನ್ನು ಬಿಗಿದು ಹಿಡಿದರೆ, ಕೀಳಲು ಹಾಕಿದ ಕಬ್ಬಿಣದ ಪಟ್ಟಿಯೂ ಅದಕ್ಕೆ ಕಟ್ಟಿದ ಕೈಯೂ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಕಂಡದ್ದನ್ನು ಬಿಟ್ಟು ಮೇಲೆ ಬರುವುದನ್ನು ಕಲಿಯಲು ತನಗೆ ಹತ್ತು ವರ್ಷ ಹಿಡಿಯಿತೆಂದಳು. ಮೇಲೆ ಬಂದಾಗ ಅವರು ಬಿಡುವ ಉಸಿರು ಸಿಳ್ಳಿನಂತೆ ಕೇಳುತ್ತದೆ. ಸುಂಬಿಸೋರಿ ಎಂದು ಅದರ ಹೆಸರು. ಸಂಗಾತಿಯ ಸಿಳ್ಳು ಕೇಳದಿದ್ದರೆ ಉಳಿದವರು ತಲೆಯೆತ್ತಿ ಹುಡುಕುತ್ತಾರೆ. ಇಷ್ಟೆಲ್ಲ ಇದ್ದರೂ ಕಡಲಲ್ಲಿಯೇ ಪ್ರಾಣ ಬಿಡುವ ವೃದ್ಧೆಯರ ಸುದ್ದಿ ಅಲ್ಲಿ ಅಪರೂಪವಲ್ಲ.

ಲಿಂಗವಂತನಾಗಿ ಹುಟ್ಟಿದವನಿಗೆ ಇಲ್ಲೊಂದು ಸಂಕೋಚವುಂಟು, ಅದನ್ನು ಮುಚ್ಚಿಡುವುದಿಲ್ಲ. ಜೀವಿಗಳನ್ನು ಕಿತ್ತು ತರುವುದು ಇವರ ಜೀವನೋಪಾಯ. ಅದನ್ನು ನೋಡುವಾಗ ನಮ್ಮ ಕಣ್ಣು ಬೇರೆಡೆಗೆ ಹೊರಳಿದ್ದುಂಟು. ಮುದುಕಿ ಪ್ರೀತಿಯಿಂದ ಕೊಟ್ಟ ತಟ್ಟೆಯನ್ನು ಅಳಿಯ ಏನೋ ಹೇಳಿ ಹಿಂದಿರುಗಿಸಿ, ನಮಗೆ ದ್ವೀಪದ ಕಿತ್ತಳೆಹಣ್ಣು ತರಿಸಿಕೊಟ್ಟ. ಆದರೂ ಅವರ ಒಂದೆರಡು ಕಟ್ಟಳೆಗಳನ್ನು ಕೇಳಿದಾಗ ಕೈಮುಗಿಯಬೇಕೆನಿಸಿತು. ದಡದ ಹತ್ತಿರದ ಆಳವಿಲ್ಲದ ನೀರನ್ನು ಹಲ್ಮಾಂಗ್ ಬಾದಾಂಗ್, ಅಂದರೆ ಅಜ್ಜಿಯರ ಕಡಲು, ಎಂದು ಬಿಟ್ಟಿರುತ್ತಾರೆ. ಬಲವುಳ್ಳ ಹೆಂಗಸರು ಅಲ್ಲಿ ಕೈಯಿಕ್ಕುವುದಿಲ್ಲ. ಮುಪ್ಪಾದವರು ಆಳಕ್ಕೆ ಹೋಗದೆ ದುಡಿದು ಉಣ್ಣಲು ಅದು ಮೀಸಲು. ಇನ್ನು ಕೆಲವು ಊರುಗಳಲ್ಲಿ ಕಡಲ ಒಂದು ಭಾಗದ ಉತ್ಪನ್ನವನ್ನು ಶಾಲೆಗೆಂದು ಎತ್ತಿಟ್ಟಿದ್ದರು. ಓನ್‌ಪ್ಯೊಂಗ್ ಎಂಬ ಗ್ರಾಮದಲ್ಲಿ ಸುಟ್ಟುಹೋದ ಪ್ರಾಥಮಿಕ ಶಾಲೆಯನ್ನು 1950ರ ದಶಕದಲ್ಲಿ ಮತ್ತೆ ಕಟ್ಟಿದ್ದು ಈ ಹೆಂಗಸರು ಕಿತ್ತು ಮಾರಿದ ಕಡಲ ಸಸ್ಯದ ಹಣದಿಂದ. ಕಾಯಕ, ದಾಸೋಹ ಎಂಬ ಪದಗಳು ಅವರ ಭಾಷೆಯಲ್ಲಿ ಇವೆಯೋ ಇಲ್ಲವೋ. ಅಂಬಿಗರ ಚೌಡಯ್ಯನವರು ಆ ತಡಿಗೆ ಬಂದಿದ್ದರೆ ದೋಣಿ ನಿಲ್ಲಿಸಿ ಮಾತಾಡಿಸುತ್ತಿದ್ದರೆಂದು ನಮಗೆ ತೋರಿತು.

ಉಳಿದ ದಿನಗಳಲ್ಲಿ ಹುಡುಗಿ ಮೂರು ನಿಮಿಷದ ಮಾತನ್ನೇ ಎತ್ತಲಿಲ್ಲ. ನೀರಿನ ಮೇಲೆ ಬೋರಲಾಗಿ ತೇಲುತ್ತ, ಸಹಜವಾಗಿ, ನಿಧಾನವಾಗಿ ಉಸಿರಾಡಿ, ಕೊನೆಗೊಂದು ಉಸಿರನ್ನು ತುಂಬಿಕೊಂಡು, ಕೊಳವೆಯನ್ನು ಬಾಯಿಂದ ತೆಗೆದು ಮುಳುಗುತ್ತಿದ್ದಳು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಒತ್ತಡ ಸರಿಪಡಿಸಿಕೊಳ್ಳುತ್ತಿದ್ದಳು. ಸರಿಹೋಗದಿದ್ದರೆ ಹಟ ಹಿಡಿಯದೆ ತಿರುಗುತ್ತಿದ್ದಳು. ಎಂಟನೆಯ ದಿನ ಶಾಂತ ನೀರಿನಲ್ಲಿ, ಬಂಡೆಯೊಂದರ ಮಗ್ಗುಲಿಗೆ, 8 ಮೀಟರ್ ಇಳಿದು ಬಂದಳು. ಕೊಳದಲ್ಲಿ ಅದರ ಎರಡರಷ್ಟು ಇಳಿದವಳಿಗೆ ಇದೇನು ದೊಡ್ಡದೆಂದು ಕೇಳಬಹುದು. ಬಾಡಿಗೆಯ ಪ್ಲಾಸ್ಟಿಕ್ ಫಿನ್ನಿಗೆ ಗೀರು ಬಿದ್ದಿತ್ತು, ಅವಳ ಮೊಣಕಾಲಿಗೆ ಬಿದ್ದಿರಲಿಲ್ಲ. ಅವಳು ತಲೆಯೆತ್ತಿ ನಕ್ಕ ಮೇಲೂ ಶಿಕ್ಷಕರು ಅರ್ಧ ನಿಮಿಷ ಕಣ್ಣು ಕದಲಿಸದೆ ನೋಡುತ್ತಲೇ ಇದ್ದರು. ಬಂಡೆಯ ಮೇಲೆ ನಾವೂ ಎಣಿಸುತ್ತಿದ್ದೆವು.

ಊರಿಗೆ ಮರಳಿದ ಮೇಲೆ ಮಠಕ್ಕೆ ಹೋದಾಗ ಬಾವಿಯ ಬಳಿ ಹೋದೆವು. ಈಗದಕ್ಕೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ವಿದ್ಯಾರ್ಥಿನಿಲಯದ ಹುಡುಗರು ಈಜಲು ಊರ ಕೆರೆಗೆ ಹೋಗುತ್ತಾರೆಂದು ತಿಳಿದು, ಅವರನ್ನೆಲ್ಲ ಕೂರಿಸಿಕೊಂಡು ಕಣಜದ ಕಾವಲುಗಾರನ ಕಥೆ ಹೇಳಿದೆವು. ಅವರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಆಟ ಇನ್ನೂ ನಡೆದಿದೆಯೆಂದು ನಮಗೆ ಅರ್ಥವಾಯಿತು.

ಅಲ್ಲಿಂದ ಮೂರು ಹರದಾರಿ ದೂರದ ಹಳ್ಳಿಯಲ್ಲಿ ಆ ಸಹಪಾಠಿಯ ಅಣ್ಣನವರು ಇದ್ದಾರೆ. ಎಂಬತ್ತರ ಹತ್ತಿರದ ವಯಸ್ಸು. ಹೋಗಿ ಕಂಡು, ಹೀಗೆ ಆಗಿದ್ದಿರಬಹುದೆಂದು ಎಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಕಟ್ಟೆಯ ಕಲ್ಲನ್ನು ಬೆರಳಿನಿಂದ ಸವರುತ್ತ ಕುಳಿತಿದ್ದರು.

"ನಮ್ಮವ್ವ ಸಾಯೂತನಕ ಒಂದ ಮಾತ ಕೇಳತಿದ್ಲರೀ, ಕೂಸು ಒಳಗ ಎಷ್ಟ ಒದ್ಯಾಡಿತೋ ಅಂತ. ಹಂಗಾದ್ರ ಅವಗ ಭಾಳ ಸಂಕಟ ಆಗಿರಲಿಕ್ಕಿಲ್ಲ ಅಂತೀರೇನ್ರಿ?"

ಆಗಿರಲಾರದು ಎಂದೆವು. ಅವರು ತಲೆಯಾಡಿಸಿ, ಒಳಗೆ ಕೂಗಿ ನಮಗೆ ಪ್ರಸಾದಕ್ಕೆ ಎಡೆ ಮಾಡಲು ಹೇಳಿದರು.